ಸುಂಕದಕಟ್ಟೆಯ ಕತ್ತೆಗೆ ಸಂಗೀತ ಪಾಠ

ನನ್ನ ನಗು ಸದ್ದಿಲ್ಲದೆ ಶುರುವಾಗುತ್ತದೆ. ಮೊದಲು ಹೆಗಲು ಕುಲುಕುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಮೂಗಿನಿಂದ ಗೊರಕೆಯಂಥದೊಂದು ಸಿಡಿಯುತ್ತದೆ. ಉಸಿರು ಒಳಗೆಳೆದುಕೊಳ್ಳುವಾಗ ಕುಕ್ಕರಿನ ಹಾಗೆ ವಿಷಲ್ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ರಾಜಾಜಿನಗರದ ನಮ್ಮ ಮನೆಗೆ ನೆಂಟರು ಬಂದರೆ ಸಾಕು, ಅಮ್ಮ ಅಡುಗೆಮನೆಯ ಬಾಗಿಲಿಂದಲೇ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದೇ ನಗಬೇಕೆಂದು ಕಲಿಸಿದವಳು ಅವಳು. ಮದುವೆಯಾಗುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಮೇಲೇಳುತ್ತಿತ್ತು.

ಮಗಳು ಇನ್ನೂ ಕೂಸಾಗಿದ್ದಾಗ ಅವಳಪ್ಪ ಒಂದು ಸಲ ಜೋರಾಗಿ ಸೀನಿದರು. ಅವಳಿಗೆ ನಗು ಬಂತು. ಕುಲುಕುವ ಹೆಗಲು, ಗೊರಕೆ, ವಿಷಲ್, ಎಲ್ಲವೂ ನನ್ನದೇ. ಮೂಗು, ಬಣ್ಣ, ಕಿವಿ ಎಲ್ಲ ಅಪ್ಪನ ಕಡೆಯದು. ಯಾರೂ ಹೇಳಿಕೊಡದ ಈ ನಗು ಮಾತ್ರ ಆ ಅಂಗೈಯಗಲದ ಎದೆಯೊಳಗೆ ಎಲ್ಲಿಂದ ಬಂದು ಕೂತಿತು? ಕೈಯಲ್ಲಿದ್ದ ಲಂಗೋಟಿಯನ್ನು ಮಡಚುವುದನ್ನೂ ಮರೆತು ನೋಡುತ್ತಾ ಕೂತಿದ್ದೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಟಿವಿ ನೋಡುತ್ತಿದ್ದವಳು ನಗು ಬಂದ ಕೂಡಲೇ ದಿಂಬಿನಲ್ಲಿ ಮುಖ ಹುದುಗಿಸಿದಳು. ಏನಾಯಿತೆಂದು ಕೇಳಿದೆ. ಸ್ಕೂಲ್ ವ್ಯಾನಿನಲ್ಲಿ ಮಕ್ಕಳು ಅವಳ ನಗುವನ್ನು ಅಣಕಿಸುತ್ತಾರಂತೆ. ನಿನ್ನ ನಗು ಬಲು ಚೆಂದ, ಮುಚ್ಚಿಕೊಳ್ಳಬೇಡ ಎಂದು ಸಮಾಧಾನ ಮಾಡಿದೆ.

“ಮತ್ತೆ ನೀನ್ಯಾಕೆ ಕೈ ಅಡ್ಡ ಇಟ್ಕೋತೀಯ?” ಎಂದಳು.

ಮರುದಿನ ಚಪಾತಿ ಲಟ್ಟಿಸುತ್ತಾ ಒಂದು ಕತೆ ಶುರುಮಾಡಿದೆ. ಸುಂಕದಕಟ್ಟೆಯಲ್ಲೊಂದು ಕತ್ತೆ. ಅದಕ್ಕೆ ತನ್ನ ದನಿ ಕೇಳಿದರೆ ನಾಚಿಕೆ. ಬಸ್ಸು ಹತ್ತಿ ವಿಜಯನಗರಕ್ಕೆ ಬಂದು ಸಂಗೀತದ ಮೇಷ್ಟರ ಬಳಿ ಪಾಠಕ್ಕೆ ಸೇರುತ್ತದೆ. ಮೇಷ್ಟರು ‘ಸಾ’ ಅನ್ನಪ್ಪಾ ಎಂದರೆ ಅದು ಹೇಳಿದ ‘ಸಾ’ಗೆ ಕೆಳಗಿನ ಮನೆಯವರು ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಬೀದಿಗೆ ಓಡಿಬರುತ್ತಾರೆ. ದಿನಕ್ಕೊಂದು ಅಧ್ಯಾಯವಾಯಿತು. ಕತ್ತೆ ಜೇನುತುಪ್ಪ ನೆಕ್ಕಿತು, ಕೊರಳಿಗೆ ಮಫ್ಲರ್ ಸುತ್ತಿತು, ಕೋಗಿಲೆಯ ಹತ್ತಿರ ಟ್ಯೂಷನ್‌ಗೂ ಹೋಯಿತು. ಮಗಳು ಹಿಟ್ಟಿನ ಡಬ್ಬಿಗೆ ಒರಗಿಕೊಂಡು, ದಿಂಬನ್ನು ಮರೆತು, ನಗತೊಡಗಿದಳು.

ಕೊನೆಯ ಅಧ್ಯಾಯವನ್ನು ಮೊದಲೇ ಯೋಚಿಸಿಟ್ಟಿದ್ದೆ. ಕಳ್ಳರು ಬರುತ್ತಾರೆ, ಕತ್ತೆ ಅರಚುತ್ತದೆ, ಊರು ಎದ್ದು ಕಳ್ಳರನ್ನು ಹಿಡಿಯುತ್ತದೆ, ಕತ್ತೆಗೆ ಹಾರ ಹಾಕುತ್ತಾರೆ. ಹೇಳಿ ಮುಗಿಸಿ ಮಗಳ ಮುಖ ನೋಡಿದೆ. ಅವಳು ನಗಲಿಲ್ಲ.

“ಕಳ್ಳರು ಬರ್ಲೇ ಇಲ್ಲ ಅಂದಿದ್ರೆ? ಆವಾಗ ಅದರ ದನಿ ಕೆಟ್ಟದ್ದೇನಾ?”

ಲಟ್ಟಣಿಗೆ ಕೈಯಲ್ಲೇ ನಿಂತಿತು. ಒಲೆಯ ಮೇಲೆ ಚಪಾತಿ ಕರಿಯಾಯಿತು. ಉಪಯೋಗಕ್ಕೆ ಬಂದರಷ್ಟೇ ನಾವು ಚೆನ್ನ ಎಂದು ನಾನು ನಂಬಿಕೊಂಡೇ ಬಂದಿದ್ದೆ, ಅದನ್ನೇ ಕತೆ ಮಾಡಿ ಅವಳ ಕೈಗೂ ಕೊಡುತ್ತಿದ್ದೆ. ಎಂಟು ವರ್ಷದ ಮಗು ಅದನ್ನು ಬೇಡವೆಂದಿತು. ಇವಳು ನಿಜವಾಗಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂದು ಬೆರಗಾಯಿತು.

ಕೊನೆಯನ್ನು ಇಬ್ಬರೂ ಸೇರಿ ಬದಲಾಯಿಸಿದೆವು. ಬೆಳಗಾಯಿತು. ಬಿಸಿಲು ಬೆನ್ನಿಗೆ ಬಿತ್ತು. ಕತ್ತೆಗೆ ಖುಷಿಯಾಯಿತು, ಅರಚಿತು. ಕಳ್ಳರೂ ಇಲ್ಲ, ಹಾರವೂ ಇಲ್ಲ.

ಕತೆಯನ್ನು ಬರೆದಿಟ್ಟೆ. ಪರಿಚಯದ ಪ್ರಕಾಶಕರೊಬ್ಬರು ಚಿತ್ರ ಬರೆಸಿ ಪುಸ್ತಕ ಮಾಡಿದರು. ಕಳೆದ ವರ್ಷ ಬಸವೇಶ್ವರನಗರದ ಒಂದು ಪುಟ್ಟ ಸಭಾಂಗಣದಲ್ಲಿ ಮಕ್ಕಳಿಗೆ ಓದಿ ಹೇಳಲು ಕರೆದಿದ್ದರು. ಮಗಳು ಮಕ್ಕಳ ಜೊತೆ ಜಮಖಾನದ ಮೇಲೆ ಕೂತಳು, ಅಮ್ಮ ಹಿಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಳು.

ಸಿಲಿಂಡರಿನ ಜಾಗಕ್ಕೆ ಬಂದಾಗ ಮಗಳು ಬಾಯಿ ತೆರೆದು ನಕ್ಕಳು. ಅವಳ ವಿಷಲ್ ಕೇಳಿ ಮಕ್ಕಳೆಲ್ಲ ನಕ್ಕರು. ನನಗೂ ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಪುಸ್ತಕವಿತ್ತು, ಮುಚ್ಚಿಕೊಳ್ಳಲು ಕೈಯೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಗೊರಕೆ ಸಿಡಿಯಿತು, ಹಿಂದೆಯೇ ಉದ್ದನೆಯ ವಿಷಲ್. ತಲೆ ಎತ್ತಿ ನೋಡಿದರೆ ಅಮ್ಮ. ಸೆರಗು ಮಡಿಲಿಗೆ ಜಾರಿತ್ತು, ಹೆಗಲು ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಮದುವೆಯಾಗುವವರೆಗೂ ಅವಳ ಜೊತೆ ಒಂದೇ ಮನೆಯಲ್ಲಿ ಬೆಳೆದವಳು ನಾನು. ಅವಳ ಈ ನಗುವನ್ನು ಒಂದು ಸಲವೂ ಕೇಳಿರಲಿಲ್ಲ. ಓದುತ್ತಿದ್ದ ಸಾಲು ಕಣ್ಣಿಗೆ ಕಾಣದಂತಾಯಿತು.

ಆಟೋದಲ್ಲಿ ಮನೆಗೆ ಬರುವಾಗ ಅಮ್ಮ ತಾನೇ ಹೇಳಿದಳು. ಹೊಸದಾಗಿ ಮದುವೆಯಾಗಿ ಬಂದಾಗ ಒಮ್ಮೆ ಅವಳು ಅಡುಗೆಮನೆಯಲ್ಲಿ ನಕ್ಕಿದ್ದನ್ನು ಕೇಳಿ ಮಾವನವರು, ಒಳಗೆ ಹಂದಿ ನುಗ್ಗಿತೇ ಎಂದು ಕೇಳಿದರಂತೆ. ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರಂತೆ. “ಆಮೇಲೆ ಬಿಟ್ಟೇಬಿಟ್ಟೆ ಕಣೇ,” ಎಂದಳು, ಕಾಫಿ ಬಿಟ್ಟ ವಿಷಯ ಹೇಳುವ ಹಾಗೆ. ಮಗಳು ಇನ್ನೊಂದು ಸಲ ನಗು ಅಜ್ಜಿ ಎಂದು ಅವಳ ತೋಳು ಹಿಡಿದು ಎಳೆಯುತ್ತಿದ್ದಳು.

ನನಗೆ ಒಂದು ಪ್ರಶ್ನೆ ಹೊಳೆಯಿತು. ನಿಮ್ಮಮ್ಮನೂ ಹೀಗೇ ನಗುತ್ತಿದ್ದರಾ ಎಂದು ಕೇಳಿದೆ.

ಅಮ್ಮ ಜಾರಿದ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. “ಗೊತ್ತಿಲ್ಲ ಕಣೇ. ಅವಳು ನಕ್ಕಿದ್ದನ್ನ ನಾನು ನೋಡ್ಲೇ ಇಲ್ಲ.”