ಚೌಕಟ್ಟಿನ ಹಿಂದಿನ ಹತ್ತಿ

ರಂಗಂಪೇಟೆಯ ನಮ್ಮ ಮನೆಯ ತಲಬಾಗಿಲಿಗೆ ಎಷ್ಟು ಸಲ ಬಣ್ಣ ಬಳಿದಿದ್ದರೋ, ಚೌಕಟ್ಟಿನ ಮೇಲಿನ ಬಳ್ಳಿಯ ಕೆತ್ತನೆ ಮುಚ್ಚಿ ಬರೀ ಉಬ್ಬುತಗ್ಗು ಉಳಿದಿತ್ತು. ಅದನ್ನೆಲ್ಲ ಕಿತ್ತು ತೇಗದ ಮೈ ಹೊರಗೆ ತರಬೇಕೆಂಬ ಹಟ ನನ್ನದು. ಸೈದಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮ ತನ್ನ ಹೀಟ್ ಗನ್ ತಂದುಕೊಟ್ಟ. ನೋಡಲು ತಲೆಗೂದಲು ಒಣಗಿಸುವ ಯಂತ್ರದಂತೆಯೇ ಇತ್ತು. ಆದರೆ ಅದರ ಮೂತಿಯಿಂದ ಬರುವ ಗಾಳಿಗೆ ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತಿತ್ತು.

ತಮ್ಮ ಹೊರಡುವ ಮುಂಚೆ ಬಹಳ ಹೇಳಿದ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಳ್ಳೆಯ ಮಾಸ್ಕ್ ಹಾಕಿಕೋ, ಶಾಖ ಕಡಿಮೆ ಇಡು, ಮೂತಿಯನ್ನು ಒಂದೇ ಕಡೆ ನಿಲ್ಲಿಸಬೇಡ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಕೊನೆಗೆ ಗಾಡಿ ಹತ್ತುತ್ತ, "ಚೌಕಟ್ಟಿನ ಸಂದ್ಯಾಗ ಮಾತ್ರ ಗಾಳಿ ಹೊಡೀಬ್ಯಾಡ ಅಕ್ಕ. ಒಳಗ ಏನದ ಅಂತ ನಮಗ ಗೊತ್ತಿರಂಗಿಲ್ಲ," ಎಂದ. ನಾನು ನಕ್ಕೆ. ಶಹಾಪುರದ ಪ್ರೌಢಶಾಲೆಯಲ್ಲಿ ಶಾಖದ ಪಾಠ ಮಾಡುವವಳಿಗೆ ಇವನೇನು ಹೇಳುವುದು ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಯಜಮಾನರು ಯಾದಗಿರಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಹಸಿರು ಎದ್ದಿತು, ಅದರ ಕೆಳಗಿನ ನೀಲಿ ಎದ್ದಿತು, ಮೊದಲ ಎಲೆಯ ಅಂಚು ಕಂಡಿತು. ಆ ಖುಷಿಯಲ್ಲಿ ಚೌಕಟ್ಟು ಗೋಡೆಗೆ ಸೇರುವ ಬಿರುಕಿನ ಬಣ್ಣವನ್ನೂ ಬಿಡಲಿಲ್ಲ. ಮೂತಿಯನ್ನು ಅಲ್ಲಿಗೇ ಒತ್ತಿ ಹಿಡಿದೆ. ಹನ್ನೆರಡಕ್ಕೆ ಗನ್ ಆರಿಸಿ, ತಣ್ಣಗಾಗಲೆಂದು ಕಲ್ಲಿನ ಮೇಲೆ ನಿಲ್ಲಿಸಿ, ಸಿಪ್ಪೆಗಳನ್ನು ಒದ್ದೆ ಬಟ್ಟೆಯಿಂದ ಬಳಿದು, ಕೈ ತೊಳೆದು ಒಳಗೆ ಬಂದೆ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ ಅಂದುಕೊಂಡಿದ್ದೆ.

ಊಟಕ್ಕೆ ಕೂತಾಗ ಅತ್ತೆ ತುತ್ತು ಕೈಯಲ್ಲೇ ಹಿಡಿದು ಮೂಗು ಎತ್ತಿದರು. ಏನೋ ಸುಡುತ್ತಿದೆ ಅಂದರು. ಬೆಳಿಗ್ಗೆಯ ಬಣ್ಣದ ವಾಸನೆ, ಗನ್ ಆರಿಸಿ ಅರ್ಧ ತಾಸಾಯಿತು ಎಂದೆ. ಅತ್ತೆಗೆ ಕಣ್ಣು ಮಂಜು. ಹರೆಯದಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವರು. ಅವರು ತಟ್ಟೆ ಸರಿಸಿದರು.

"ಬಣ್ಣದ್ದಲ್ಲ ಅದು. ಹತ್ತಿ ಸುಡಾಕತ್ತದ. ಎದ್ದು ನೋಡು."

ಎದ್ದೆ, ಅವರ ಸಮಾಧಾನಕ್ಕೆ. ಪಡಸಾಲೆಗೆ ಬಂದವಳು ನಿಂತಲ್ಲೇ ನಿಂತೆ. ಚೌಕಟ್ಟಿನ ಬಿರುಕಿನುದ್ದಕ್ಕೂ ತೆಳ್ಳಗೆ ಹೊಗೆ ಬರುತ್ತಿತ್ತು. ನೋಡುತ್ತಿದ್ದಂತೆ ತಲೆಯೆತ್ತರದಲ್ಲಿ ಬೆಂಕಿಯ ನಾಲಿಗೆಯೊಂದು ಹೊರಬಂದು ಮರವನ್ನು ನೆಕ್ಕಿತು. ಆರಿಸಿಟ್ಟ ಯಂತ್ರ ತಣ್ಣಗೆ ಕಲ್ಲಿನ ಮೇಲಿತ್ತು. ಬೆಂಕಿ ಎಲ್ಲಿಂದ ಬಂತು ಎಂಬುದೇ ನನ್ನ ತಲೆಗೆ ಹೋಗಲಿಲ್ಲ. ಬಕೆಟ್ ಎತ್ತಿದೆ. ಎರಚಬೇಕು ಅನ್ನುವಷ್ಟರಲ್ಲಿ ಬಾಗಿಲ ಬುಡದಲ್ಲೇ ಎಕ್ಸ್‌ಟೆನ್ಷನ್ ಬೋರ್ಡ್ ಕಂಡಿತು. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ಆರಿಸಿರಲೇ ಇಲ್ಲ. ಅದರ ಮೇಲೆ ನೀರು ಬಿದ್ದಿದ್ದರೆ ಕರೆಂಟು ಹೊಡೆಯುತ್ತಿತ್ತು. ಬಕೆಟ್ ಇಳಿಸಿ, ಓಡಿ ಮೇನ್ ಸ್ವಿಚ್ ಎಳೆದು ಬರುವಷ್ಟರಲ್ಲಿ ಬೆಂಕಿ ಮೇಲಿನ ಪಟ್ಟಿಗೆ ಹತ್ತಿತ್ತು.

ಎರಡು ಬಕೆಟ್ ನೀರಿಗೆ ಉರಿ ಅಡಗಿತು. ಮುಗಿಯಿತೆಂದು ಗೋಡೆಗೆ ಒರಗಿದೆ. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬಂದಿದ್ದ ಅತ್ತೆ ತಲೆಯಾಡಿಸಿದರು.

"ಹತ್ತ್ಯಾಗಿನ ಬೆಂಕಿ ಮಲಗಿರ್ತದ, ಸತ್ತಿರಂಗಿಲ್ಲ. ಎಲ್ಲಾ ಹೊರಗ ಎಳಿ."

ಒಂದು ಕಾಲಕ್ಕೆ ಚೇಳು ಬರುತ್ತವೆಂದು ಮಾವನವರು ಆ ಸಂದಿಗೆ ಮೇಲಿನಿಂದ ಕೆಳಗಿನವರೆಗೆ ಹತ್ತಿ ತುಂಬಿ ಸುಣ್ಣದ ಗಾರೆ ಮೆತ್ತಿದ್ದರಂತೆ. ಅತ್ತೆಗೂ ಅದು ಆಗಲೇ ನೆನಪಾಯಿತು. ಗಾರೆ ಬಿರುಕು ಬಿಟ್ಟಲ್ಲಿ ನನ್ನ ಬಿಸಿಗಾಳಿ ಒಳಗಿನ ಹತ್ತಿಗೆ ಹೊಕ್ಕಿತ್ತು. ಕಬ್ಬಿಣದ ಸಲಾಕೆಯಿಂದ ಎಳೆಯತೊಡಗಿದೆ. ಕಪ್ಪಾದ ಉಂಡೆ ಬಂತು. ಒಡೆದರೆ ನಡುವೆ ಕೆಂಪು ಕೆಂಡ. ಇನ್ನೊಂದು ಬಂತು, ಅದರಲ್ಲೂ ಕೆಂಡ. ಆ ಬಿರುಕಿನ ಇನ್ನೊಂದು ತುದಿ ಅತ್ತೆ ಮಲಗುವ ಕೋಣೆಯ ಗೋಡೆಯಲ್ಲಿತ್ತು. ಅವರು ಮೂಗೆತ್ತದಿದ್ದರೆ ಊಟ ಮುಗಿಸಿ ಅಲ್ಲಿಯೇ ಅಡ್ಡಾಗುತ್ತಿದ್ದರು. ಹೀಗೆ ಯೋಚಿಸಿದ ಮೇಲೆ ಸಲಾಕೆಯನ್ನು ಇನ್ನೂ ಆಳಕ್ಕೆ ಹಾಕಿ, ಸಂದಿ ಪೂರ್ತಿ ಖಾಲಿಯಾಗುವವರೆಗೂ ಎಳೆದೆ. ಆಮೇಲೆ ಅಲ್ಲೇ ನೀರಿನಲ್ಲಿ ಕೂತುಬಿಟ್ಟೆ.

ಸುದ್ದಿ ಕೇಳಿ ಸಂಜೆ ತಮ್ಮ ಬಂದ. ಬೈಯಲಿಲ್ಲ. ಕೈಯ ಹಿಂಬದಿಯನ್ನು ಗೋಡೆಯುದ್ದಕ್ಕೂ ತಾಗಿಸಿ ಎಲ್ಲಾದರೂ ಬಿಸಿ ಇದೆಯೇ ಎಂದು ನೋಡಿದ, ಒಂದು ತಾಸು ಬಿಟ್ಟು ಮತ್ತೆ ನೋಡಿದ. ಮರಕ್ಕೆ ಶಾಖ ಕೊಡುವ ಕೆಲಸ ಮುಗಿದ ಮೇಲೆ ಹೀಗೆ ಕಾಯುವುದೂ ಕೆಲಸವೇ ಎಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಮರುದಿನ ತರಗತಿಯಲ್ಲಿ ಶಾಖದ ಪಾಠವೇನೂ ಇರಲಿಲ್ಲ. ಆದರೂ ಮಕ್ಕಳ ಮುಂದೆ ನಡೆದದ್ದನ್ನೆಲ್ಲ ಹೇಳಿದೆ, ತಮ್ಮನ ಮಾತಿಗೆ ನಾನು ನಕ್ಕದ್ದನ್ನೂ ಬಿಡದೆ.