ಗ್ಯಾಸ್ ತುಂಬಿಸಿ ಬೀಳಗಿಗೆ ಹೊರಟದ್ದು

ನಮ್ಮ ಕಾರಿನ ಎ.ಸಿ.ಯ ಹಣೆಬರಹ ನನಗೆ ಚೆನ್ನಾಗಿ ಗೊತ್ತಿತ್ತು. ಗ್ಯಾಸ್ ತುಂಬಿಸಿದ ಬೇಸಿಗೆಯಲ್ಲಿ ತಣ್ಣಗೆ ಊದುತ್ತಿತ್ತು, ಮರುಬೇಸಿಗೆಗೆ ಮತ್ತೆ ಬಿಸಿ ಗಾಳಿ. ಒಳಗೆ ಎಲ್ಲೋ ಸೋರುತ್ತಿತ್ತು, ಎಲ್ಲಿ ಎಂದು ಯಾರೂ ಹುಡುಕಿರಲಿಲ್ಲ. ಕಾರೂ ಹಳೆಯದು, ನಾವೂ ಹಳಬರು, ಯಾರು ಎಲ್ಲೆಲ್ಲಿ ಸೋರುತ್ತಿದ್ದೇವೆ ಎಂದು ಹುಡುಕುತ್ತ ಕೂತರೆ ಈ ಜನ್ಮ ಸಾಲದು. ಬೇರೆಯವರ ಕಾರಿನ ಎ.ಸಿ. ಕೆಟ್ಟರೆ ಕಿಟಕಿ ಇಳಿಸಿಕೊಂಡು ಹಾಯಾಗಿ ಹೋಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ಹೊರಗಿನ ಧೂಳು, ಹೊಗೆ ಒಂದಿಷ್ಟು ಒಳಗೆ ಬಂದರೂ ಎದೆ ಬಿಗಿದು ಉಸಿರು ನಿಲ್ಲುತ್ತದೆ. ಕಿಟಕಿ ಮುಚ್ಚಿದರೆ ಸೆಕೆಗೆ ಜೀವ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ನನ್ನದು ಬೇಸಿಗೆ ಪೂರ್ತಿ ಅದೇ ಬಾಳು.

ನಾವು ಬನಹಟ್ಟಿಯ ನೇಯ್ಗೆಯವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳಿದ್ದವು. ನಮ್ಮವರು, ಅಂದರೆ ನನ್ನ ಯಜಮಾನರು, ಮಗ್ಗ ನಡೆಸುತ್ತಿದ್ದರು. ನಾನು ಅಲ್ಲೇ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದೆ. ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಗೇಣುದ್ದದ ಕಟ್ಟಿಗೆಯ ಕೊಳವೆ, ಅದಕ್ಕೇ ನೂಲು ಸುತ್ತುವುದು. ಗಾಳಿಗೆ ಎಳೆ ಹರಿಯುತ್ತದೆ ಎಂದು ಶೆಡ್ಡಿನ ಕಿಟಕಿಗಳನ್ನು ಯಾವತ್ತೂ ತೆರೆಯುತ್ತಿರಲಿಲ್ಲ. ಹತ್ತಿಯ ಧೂಳು ಹಿಟ್ಟಿನ ಗಿರಣಿಯಲ್ಲಿ ಹಾರುವಂತೆ ಹಾರುತ್ತಿತ್ತು. ಮಗ್ಗ ಅವರ ಕಿವಿ ತಿಂದಿತು, ನನ್ನ ಪುಪ್ಪಸ ತಿಂದಿತು. ಮಗ್ಗಗಳನ್ನು ಮಾರಿ ಎಷ್ಟೋ ವರ್ಷವಾಯಿತು, ಹೋದ ಕಿವಿ ಬರಲಿಲ್ಲ, ಹೋದ ಉಸಿರೂ ಬರಲಿಲ್ಲ.

ಆ ಗದ್ದಲದಲ್ಲಿ ಒಬ್ಬರನ್ನೊಬ್ಬರು ಕರೆಯುವುದೇ ಒಂದು ವಿದ್ಯೆಯಾಗಿತ್ತು. ಬಾಯಿಬಿಟ್ಟು ಕೂಗಿದರೆ ಕಿವುಡನ ಮುಂದೆ ಶಂಖ ಊದಿದ ಹಾಗೆ. ಅದಕ್ಕೆ ನಾನು ಕೈಗೆ ಸಿಕ್ಕ ಖಾಲಿ ಕಂಡಿಕೆ ತೆಗೆದು ಅವರ ಬೆನ್ನಿಗೆ ಒಗೆಯುತ್ತಿದ್ದೆ. ಅವರು ತಿರುಗುತ್ತಿದ್ದರು. ಆಮೇಲೆ ಸದ್ದಿಲ್ಲದೆ ಬರೀ ತುಟಿ ಆಡಿಸಿದರೆ ಸಾಕು, ಅಷ್ಟು ದೂರದಿಂದ ಓದಿಕೊಳ್ಳುತ್ತಿದ್ದರು. 'ಚಾ ಆಗೈತಿ', 'ಮಾವಾರ ಬಂದಾರ', 'ಸಾಕ ಮಾಡ್ರಿ, ಉಣ್ಣಾಕ ಬರ್ರಿ'. ನಮ್ಮ ಸಂಸಾರ ನಡೆದದ್ದೇ ಹೀಗೆ. ಹೊಸದಾಗಿ ಬಂದ ಸೊಸೆಯಂದಿರು ಗಂಡನಿಗೆ ಕಂಡಿಕೆ ಒಗೆಯಲು ನಾಚುತ್ತಾರೆ. ನಾನು ನಾಚಲಿಲ್ಲ. ಸಿಟ್ಟು ಬಂದ ದಿನ ಎರಡು ಹೆಚ್ಚೇ ಒಗೆದೆ.

ಆದರೆ ಕಿವಿ ಹೋಗಿದೆ ಎಂದು ನಮ್ಮವರು ಜಪ್ಪಯ್ಯ ಅಂದರೂ ಒಪ್ಪಿದವರಲ್ಲ. 'ನನ್ನ ಕಿವಿಗೇನ ಆಗೈತಿ? ನೀವs ಬಾಯಾಗ ಮಾತಾಡತೀರಿ, ತೆರದ ಮಾತಾಡ್ರಿ' ಎಂದು ಊರಿಗೇ ಬೈಯುತ್ತಿದ್ದರು. ಎದುರಿಗಿದ್ದವರ ತುಟಿ ನೋಡಿ ನೋಡಿ ಹೇಗೋ ನಿಭಾಯಿಸುತ್ತಿದ್ದರು. ಅವರ ಮುಂದೆ ಕಿವಿಯ ಮಾತೆತ್ತಿದರೆ ಊಟ ಬಿಟ್ಟು ಎದ್ದುಹೋಗುವ ಮನುಷ್ಯ.

ಈ ಸಲ ಯುಗಾದಿ ಮುಗಿದ ಮೇಲೆ ಬೀಳಗಿಯಿಂದ ಫೋನು ಬಂತು. ಅಲ್ಲಿ ನನ್ನ ಅಕ್ಕ ಹಾಸಿಗೆ ಹಿಡಿದಿದ್ದಳು. ಅವ್ವ ಸತ್ತಾಗ ನನಗೆ ಬುದ್ಧಿ ತಿಳಿದಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿದ್ದು, ರೊಟ್ಟಿ ಬಡಿಯಲು ಕಲಿಸಿದ್ದು, ಬೈದದ್ದು, ಬೈದು ಆಮೇಲೆ ಬೆಲ್ಲ ಕೊಟ್ಟದ್ದು ಎಲ್ಲ ಈ ಅಕ್ಕನೇ. ಅವಳ ಸೊಸೆ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು. 'ಬರಾಕತ್ತಿ ಇಲ್ಲೋ?' ಎಂದಳು ಅಕ್ಕ. 'ಬರತೇನಿ ಯಕ್ಕಾ' ಎಂದೆ. 'ಲಗೂನ ಬಾ. ನಿನ್ನ ಮಾರಿ ನೋಡೇ ಹೋಗಬೇಕಂತ ಕುಂತೇನಿ' ಎಂದಳು. ಸಾಯುವಾಗಲೂ ಅವಳ ದನಿಯಲ್ಲಿ ನನ್ನನ್ನು ಗದರಿಸುವ ಧಾಟಿ ಹೋಗಿರಲಿಲ್ಲ. ನಾನು ಫೋನಿಟ್ಟು ಅತ್ತೆ.

'ಬ್ಯಾರೆ ಗಾಡಿ ಹೇಳ್ರಿ, ಎ.ಸಿ. ಇದ್ದದ್ದು' ಎಂದೆ ನಮ್ಮವರಿಗೆ. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. 'ಮನ್ಯಾಗ ಗಾಡಿ ಇಟಗೊಂಡು ಮಂದಿ ಗಾಡ್ಯಾಗ ಹೋಗೂದೇನ? ಮಹಾಲಿಂಗಪುರದಾಗ ಗ್ಯಾಸ್ ತುಂಬಿಸ್ಕೊಂಡು ಹಂಗs ಹೋಗೂಣು ನಡಿ' ಎಂದರು. ಜಗಳಕ್ಕೆ ನನ್ನಲ್ಲಿ ಉಸಿರಿರಲಿಲ್ಲ. ದಿಂಬು, ನೀರು, ಬಾಯಿಗಿಟ್ಟು ಒತ್ತುವ ಉಸಿರಿನ ಪಂಪು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಕೂತರೆ ಬೆಲ್ಟು ಎದೆಯ ಮೇಲೆ ಬಿಗಿಯುತ್ತದೆ, ನನಗಾಗದು.

ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನವನು ಬಾನೆಟ್ ಎತ್ತಿ, ಒಂದು ಕೆಂಪು ಪೈಪು ಒಂದು ನೀಲಿ ಪೈಪು ಸಿಕ್ಕಿಸಿ, ಗಡಿಯಾರದಂಥ ಎರಡು ಮೀಟರುಗಳನ್ನು ನೋಡಿದ. ಗ್ಯಾಸ್ ಇಲ್ಲವೇ ಇಲ್ಲ ಎಂದ. ಗಾಳಿ ಬರುವ ಜಾಗವನ್ನೂ ನೋಡೋಣ ಎಂದು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಎಳೆದರೆ ಬೂದುಬಣ್ಣದ ಹತ್ತಿಯ ಪದರೊಂದು ಕಂಬಳಿಯಂತೆ ಬಂತು. ಆ ಕಾರಿನಲ್ಲಿ ವರ್ಷಗಟ್ಟಲೆ ನೂಲಿನ ಚೀಲ, ಸೀರೆಯ ಗಂಟು ಸಾಗಿಸಿದವರು ನಾವು.

'ಏನ್ರೀ ಅಕ್ಕಾರ, ಇದರಾಗ ಕೂಸಿಗೊಂದು ಗಾದಿ ಹೊಲಸಬಹುದಲ್ರಿ!' ಎಂದು ಗ್ಯಾರೇಜಿನವನು ನಕ್ಕ.

ನನಗೆ ನಗು ಬರಲಿಲ್ಲ. ನನ್ನ ಎದೆ ಬಗೆದು ತೆಗೆದರೂ ಇಂಥದ್ದೇ ಬರುತ್ತದೆ ಎನ್ನಿಸಿತು. ಕಾರಿನದಾದರೆ ಕೈ ಹಾಕಿ ಎಳೆದ, ನನ್ನದನ್ನು ಯಾರು ಎಳೆಯುತ್ತಾರೆ?

ಸೋರುವುದು ಒಳಗಿನ ಕೂಲಿಂಗ್ ಕಾಯಿಲ್ ಇರಬೇಕು, ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು, ಗಾಡಿ ಎರಡು ಮೂರು ದಿನ ಬಿಟ್ಟು ಹೋಗಿ ಎಂದ ಅವನು. ನಮ್ಮವರು ಅವನ ತುಟಿಯನ್ನೇ ನೋಡುತ್ತಿದ್ದರು. 'ಖರೆ ಐತಿ. ತೂತ ಮುಚ್ಚದs ಕೊಡಕ್ಕ ನೀರ ಹಾಕಿದ್ರ ಏನ ಬಂತು? ಇಂದ ಬಿಚ್ಚಲಿ, ನಾಡದ ಹೋಗೂಣು' ಎಂದರು.

'ನಾಡದ ತನಕಾ ಅಕ್ಕ ಇರತಾಳಂತ ನಿಮಗ ಬರದ ಕೊಟ್ಟಾಳೇನು?' ಎಂದೆ ನಾನು. ಗ್ಯಾರೇಜಿನವನ ಕಡೆ ತಿರುಗಿ, 'ತುಂಬಿಸಪಾ ನೀ. ಇವತ್ತೊಂದಿನ ಇದ್ರ ಸಾಕು' ಎಂದೆ.

'ಇವತ್ತೊಂದಿನ ಇರಬಹುದ್ರಿ. ಗ್ಯಾರಂಟಿ ಕೊಡೂದಿಲ್ಲ' ಎಂದ. ಮಷಿನ್ನು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಗ್ಯಾಸ್ ಬಿಟ್ಟ.

ತಣ್ಣನೆಯ ಗಾಳಿ ಬಂದಾಗ ಸುಳ್ಳೇಕೆ, ಬೇಸಿಗೆ ಹಿಡಿದ ಮೇಲೆ ಮೊದಲ ಸಲ ನನಗೆ ಉಸಿರು ಹೊಟ್ಟೆಯ ತನಕ ಇಳಿಯಿತು. ರನ್ನ ಬೆಳಗಲಿ ದಾಟುವಾಗ ಹೊರಗೆ ಗಾಣದ ಮನೆಗಳ ಹೊಗೆ ಕಾಣುತ್ತಿತ್ತು, ಒಳಗೆ ಬೆಲ್ಲದ ವಾಸನೆ ಸಹ ಇರಲಿಲ್ಲ. ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, 'ಹೆಂಗೈತಿ? ರಾಣಿ ಹಂಗ ಕುಂತಿ ನೋಡ' ಎಂದರು. ನಾನೂ ಸೋತುಹೋಗಿ ನಕ್ಕೆ. ಅಕ್ಕನ ಹತ್ತಿರ ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತ ಮುಧೋಳ ದಾಟಿದೆ.

ಮುಧೋಳ ದಾಟಿ ಸ್ವಲ್ಪ ದೂರಕ್ಕೆ ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ, ಉಳಿದ ಒಣ ಸೋಗೆಗೆ, ಬೆಂಕಿ ಹಾಕಿದ್ದರು. ಎರಡೂ ಕಡೆಯಿಂದ ಹೊಗೆ ಬಂದು ರಸ್ತೆಯ ಮೇಲೆ ಕೂತಿತ್ತು. ಮುಂದೊಂದು ಕಬ್ಬಿನ ಟ್ರ್ಯಾಕ್ಟರು ಆಮೆಯಂತೆ ಹೋಗುತ್ತಿತ್ತು. ನಮ್ಮವರು ಅದರ ಹಿಂದೆಯೇ, ಕಣ್ಣು ಕೀಲಿಸಿ, ನಿಧಾನಕ್ಕೆ ನಡೆಸುತ್ತಿದ್ದರು. ಆಗಲೇ ಎ.ಸಿ. ಗಾಳಿ ಉಗುರುಬೆಚ್ಚಗಾಯಿತು. ನೋಡನೋಡುತ್ತ ಬಿಸಿಯಾಯಿತು. ಹಾಳಾದ್ದು ತಣ್ಣನೆಯದನ್ನು ಸೋರಿಸಿಕೊಂಡು ಹೊಗೆಯನ್ನು ಒಳಗೆ ಎಳೆಯತೊಡಗಿತ್ತು.

ನನ್ನ ಎದೆ ಒಮ್ಮೆಲೇ ಬಿಗಿಯಿತು. 'ಏನ್ರೀ' ಎಂದೆ. ಫ್ಯಾನು ಭರ್ರೆನ್ನುತ್ತಿತ್ತು. ಮತ್ತೆ ಕೂಗಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಅವರು ಕನ್ನಡಿ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು. ಬೆನ್ನು ನನ್ನ ಕಡೆ. ಆ ಬೆನ್ನನ್ನು ನಾನು ಶೆಡ್ಡಿನಲ್ಲಿ ಎಷ್ಟು ವರ್ಷ ನೋಡಿದ್ದೆನೋ! ಕೈ ತಾನಾಗಿಯೇ ಎದ್ದಿತು. ಕೈಯಲ್ಲಿದ್ದದ್ದನ್ನು ಬೀಸಿ ಒಗೆದೆ.

ಒಗೆದ ಮೇಲೆ ಗೊತ್ತಾಯಿತು, ಒಗೆದದ್ದು ಪಂಪು.

ಅದು ಅವರ ಹೆಗಲಿಗೆ ಬಡಿದು ಮುಂದಿನ ಸೀಟಿನ ಕೆಳಗೆ ಹೋಯಿತು. ಯವ್ವಾ, ಲೋಕದಲ್ಲಿ ಯಾವ ಹುಚ್ಚಿಯಾದರೂ ತನ್ನ ಉಸಿರನ್ನೇ ಹೀಗೆ ಬೀಸಿ ಒಗೆದಾಳೇ? ಮಗ್ಗದ ಮನೆಯವಳೇ ಆಗಬೇಕು.

ಅವರು ಗಾಡಿ ನಿಲ್ಲಿಸಿ ತಿರುಗಿದರು. ನನ್ನ ಮುಖ ನೋಡಿ ಗಾಬರಿಯಾಗಿ ಇಳಿಯಲು ಬಾಗಿಲಿಗೆ ಕೈ ಹಾಕಿದರು. ನಾನು ತುಟಿ ಆಡಿಸಿದೆ, ಬರೀ ತುಟಿ. 'ತಗೀಬ್ಯಾಡ್ರಿ. ಹೊಗಿ. ಪಂಪ ಸೀಟಿನ ಕೆಳಗ ಬಿತ್ತು.' ದನಿ ಎಳ್ಳಷ್ಟೂ ಇರಲಿಲ್ಲ. ಆ ಹೊತ್ತಿಗೆ ಡಾಕ್ಟರು ಪಕ್ಕದಲ್ಲಿದ್ದರೂ ನಾನು ಏನು ಹೇಳುತ್ತಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮವರು ಒಂದಕ್ಷರ ಬಿಡದೆ ಓದಿದರು. ಬಾಗಿಲು ಬಿಟ್ಟು, ಫ್ಯಾನು ಬಂದ್ ಮಾಡಿ, ಸೀಟಿನ ಕೆಳಗೆ ತಡಕಾಡಿ ಪಂಪು ತೆಗೆದು, ಹಿಂದಕ್ಕೆ ಬಾಗಿ ನನ್ನ ಬಾಯಿಗೆ ಇಟ್ಟರು.

ಎದೆ ಸ್ವಲ್ಪ ಬಿಟ್ಟಿತು, ಪೂರ್ತಿ ಬಿಡಲಿಲ್ಲ. 'ಮುಧೋಳಕ್ಕ ಹೊಳ್ಳೂಣು, ದವಾಖಾನಿಗೆ' ಎಂದರು. ನಾನು ತಲೆ ಅಲ್ಲಾಡಿಸಿದೆ. ಅವರ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, ಒಂದೊಂದೇ ಮಾತು ಬಿಡಿಸಿ ತುಟಿ ಆಡಿಸಿದೆ. 'ಬೀಳಗಿಗೇ ನಡ್ರಿ. ಅಕ್ಕ ದಾರಿ ನೋಡಾಕತ್ತಾಳ. ನಿಮ್ಮ ಕಾಲಿಗೆ ಬೀಳತೇನಿ.'

ಅವರು ನನ್ನ ತುಟಿಯನ್ನೇ ಕೊನೆಯ ತನಕ ನೋಡಿದರು. ಆಮೇಲೆ ಮುಂದೆ ತಿರುಗಿ, ಸ್ಟೇರಿಂಗು ಪೂರ್ತಿ ಹೊರಳಿಸಿ, ಬಂದ ದಾರಿಗೆ ಗಾಡಿ ಹಾಕಿದರು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ, ಬೆನ್ನಿಗೆ ಗುದ್ದಿದೆ. ಅವರು ತಿರುಗಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ.

ಮುಧೋಳದ ದವಾಖಾನೆಯಲ್ಲಿ ನನ್ನ ಮುಖಕ್ಕೆ ಮಾಸ್ಕು ಹಾಕಿ ಮಷಿನ್ನು ಹಚ್ಚಿದರು. ಬಿಸಿಲು ಇಳಿಯುವ ಹೊತ್ತಿಗೆ ನಮ್ಮವರ ಫೋನು ಬೆಳಗಿತು. ಫೋನಿನಲ್ಲಿ ತುಟಿ ಕಾಣುವುದಿಲ್ಲವಲ್ಲ, ಅವರು ಅದನ್ನು ನರ್ಸಿನ ಕೈಗೆ ಕೊಟ್ಟರು. ಆಕೆ ಕೇಳಿಸಿಕೊಂಡು ಅವರ ಕಡೆ ತಿರುಗಿ ಏನೋ ಹೇಳಿದಳು. ಮಷಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಆದರೆ ನಾನೂ ಶೆಡ್ಡಿನವಳೇ. ಆಕೆಯ ತುಟಿ ನೋಡಿದೆ. 'ಅವರ ಅಕ್ಕಾರು ತೀರಿಕೊಂಡ್ರಂತ್ರಿ' ಎಂದಿದ್ದಳು. ನಾನು ಮಾಸ್ಕಿನೊಳಗೇ ಅತ್ತೆ. ಅಳುವುದಕ್ಕೂ ಉಸಿರು ಬೇಕು, ಅದೂ ಸಾಲಲಿಲ್ಲ.

ಮಣ್ಣಿಗೆ ನಮ್ಮವರೊಬ್ಬರೇ ಹೋದರು. ದಿವಸದ ಕಾರ್ಯಕ್ಕೆ ಬೇರೆಯವರ ಗಾಡಿಯಲ್ಲಿ ನಾನೂ ಹೋದೆ. ಹತ್ತಾರು ಮಂದಿ ಕೂತಿದ್ದರು. ಅಕ್ಕನ ಸೊಸೆ ಎಲ್ಲರೆದುರಿಗೆ ನನ್ನ ಕೈ ಹಿಡಿದು, 'ಕಡೀತನಕಾ ಬಾಗಲಾ ನೋಡಾಕತ್ತಿದ್ರ ಚಿಗವ್ವಾ. ಅರ್ಧಾ ದಾರಿಗೆ ಬಂದು ಯಾಕ ಹೊಳ್ಳಿ ಹೋದ್ರಿ? ಬೀಳಗ್ಯಾಗೂ ದವಾಖಾನಿ ಐತಲ್ರಿ.' ಎಂದು ಅತ್ತಳು.

ನಮ್ಮವರು ತಲೆ ತಗ್ಗಿಸಿ ಹೇಳಿದರು. 'ತಪ್ಪು ಅಕೀದಲ್ಲ. ಅಕಿ ಬೀಳಗಿಗೇ ನಡ್ರಿ ಅಂದಿರಬೇಕು. ನನಗ ಕೇಳಸಲಿಲ್ಲ. ನನ್ನ ಕಿವಿ ಹೋಗಿ ಭಾಳ ವರ್ಷಾತು.'

ಜೀವಮಾನದಲ್ಲಿ ಯಾರ ಮುಂದೂ ಆಡದ ಮಾತನ್ನು ಅಷ್ಟು ಜನರ ಮುಂದೆ ಆಡಿಬಿಟ್ಟರು. ಅಯ್ಯೋ ಪಾಪ ಎಂದರು ಎಲ್ಲರೂ. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೇ. ಅವರು ಓದಿದ್ದರು, ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಗಾಡಿ ಹೊರಳಿಸದಿದ್ದರೆ ಅಕ್ಕನ ಜೊತೆಗೇ ನನ್ನ ಮಣ್ಣೂ ಆಗುತ್ತಿತ್ತು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದರೂ ಉರಿ ಆರಲಿಲ್ಲ, ಇವತ್ತಿಗೂ ಆರಿಲ್ಲ.

ಆಮೇಲೆ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು, ಡ್ಯಾಶ್‌ಬೋರ್ಡ್ ಬಿಚ್ಚಿಸಿ, ಕಾಯಿಲ್ ಹೊಸದು ಹಾಕಿಸಿ ತಂದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈಗ ಎ.ಸಿ. ಮೈ ನಡುಗುವಷ್ಟು ತಣ್ಣಗೆ ಬರುತ್ತದೆ. ಮೊನ್ನೆ ತೋರಿಸಲೆಂದು ನನ್ನನ್ನು ಕರೆದು ಕೂರಿಸಿದರು. ನಾನು ಹಟಕ್ಕೆ ಮುಂದಿನ ಸೀಟಿನಲ್ಲೇ ಕೂತೆ. ಗಾಡಿ ಮನೆಯ ಮುಂದೆ ನಿಂತೇ ಇತ್ತು, ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವರು ನನ್ನ ಮುಖ ನೋಡಿದರು, ಹೇಗಿದೆ ಎನ್ನುವಂತೆ. ನಾನು ಸದ್ದಿಲ್ಲದೆ, ಬರೀ ತುಟಿ ಆಡಿಸಿದೆ.

'ಬೀಳಗಿಗೆ ನಡ್ರಿ.'

ಅವರು ಓದಿಕೊಂಡರು. ಆಮೇಲೆ ಸ್ಟೇರಿಂಗಿನ ಮೇಲಿದ್ದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

'ಅಲ್ಲಿ ಈಗ ಯಾರ ಅದಾರ?' ಎಂದರು.