ಮೂರನೇ ಕಿಟಕಿಯ ಹೆಂಗಸು

ಮೀಟರ್ ಮಾವ ಮೂವತ್ತು ವರ್ಷ ಮನೆಮನೆಯ ವಿದ್ಯುತ್ ಮೀಟರ್ ಓದಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂರಲಾರದೆ ಕ್ಯಾಮೆರಾ ಹಿಡಿದರು. ಇಂಟರ್ನೆಟ್ಟಿನ ಉಚಿತ ವಿಶ್ವಕೋಶಕ್ಕೆ ಹಳೆಯ ಕಟ್ಟಡಗಳ ಫೋಟೊ ತೆಗೆದುಕೊಡುವ ಸ್ವಯಂಸೇವಕರ ಗುಂಪು ಸೇರಿದರು. ಫೋಟೊದಲ್ಲಿ ಒಂದು ನರಪಿಳ್ಳೆಯೂ ಇರಬಾರದೆಂಬುದು ಅವರ ಹಟ. ಬೀದಿ ಖಾಲಿಯಾಗುವವರೆಗೆ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಕಾಯುವುದಕ್ಕೆ ಸಂಬಳವಿದ್ದಿದ್ದರೆ ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿಸುತ್ತಿದ್ದರು.

ಊರಿನ ಕಟ್ಟಡಗಳೆಲ್ಲ ಸಿಕ್ಕಿದರೂ ಮನೆಯಲ್ಲಿ ಹೆಂಡತಿಯದೊಂದು ಫೋಟೊ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಆಕೆ ಅಂಗೈಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಕಚೇರಿಯ ಗುರುತಿನ ಚೀಟಿಯಲ್ಲಿದ್ದ ಒಂದನ್ನೂ ತಾನು ನಿವೃತ್ತಳಾದ ದಿನ ಹರಿದು ಒಲೆಗೆ ಹಾಕಿದ್ದಳು. ಈಗೀಗ ಆಕೆಯ ಮುಖ ಮಾವನ ನೆನಪಿನಲ್ಲೇ ಮಸುಕಾಗುತ್ತಿತ್ತು. ಅವರಿಗೆ ಜೀವನದಲ್ಲಿದ್ದ ಭಯ ಅದೊಂದೇ.

ಒಂದು ಮಧ್ಯಾಹ್ನ, ಆಕೆ ದುಡಿದಿದ್ದ ದೂರವಾಣಿ ಕಚೇರಿಯ ಫೋಟೊ ತೆಗೆದು ವಿಶ್ವಕೋಶಕ್ಕೆ ಸೇರಿಸಿದರು. ಎಂಟು ವರ್ಷದಿಂದ ಬೀಗ ಬಿದ್ದಿದ್ದ ಕಟ್ಟಡ. ಸಂಜೆ ಗುಂಪಿನ ಟೀಚರೊಬ್ಬರು ಫೋನ್ ಮಾಡಿದರು. ಫೋಟೊದಲ್ಲಿ ಬೇಡದ್ದನ್ನೆಲ್ಲ ಅಳಿಸುವುದರಲ್ಲಿ ಪಳಗಿದ ಅವರಿಗೆ ಕತ್ತರಿ ಟೀಚರ್ ಎಂದೇ ಹೆಸರು.

"ಮಾವ, ಮೂರನೇ ಕಿಟಕೀಲಿ ಯಾರೋ ಹೆಂಗಸು ನಿಂತಿದಾರೆ. ಅಳಿಸಿಬಿಡ್ಲಾ?"

"ಬೀಗ ಹಾಕಿದೆಯಲ್ಲಮ್ಮ ಅಲ್ಲಿ."

"ದೊಡ್ಡದು ಮಾಡಿ ನೋಡಿ. ಕೈಲಿ ಮುಖ ಮುಚ್ಕೊಂಡಿದಾರೆ."

ಮಾವ ನೋಡಿದರು. ಮುಖಕ್ಕೆ ಅಡ್ಡ ಹಿಡಿದ ಆ ಅಂಗೈ ಹೆಂಡತಿಯದೇ.

"ಮುಟ್ಬೇಡಮ್ಮ. ಹಾಗೇ ಇರ್ಲಿ," ಎಂದರು.

ಮರುದಿನ ಅದೇ ಹೊತ್ತಿಗೆ ಹೋದರು, ಅದರ ಮರುದಿನವೂ ಹೋದರು. ಬರಿಗಣ್ಣಿಗೆ ಕಿಟಕಿ ಖಾಲಿ, ಫೋಟೊದಲ್ಲಿ ಆಕೆ. ಕೊನೆಯದರಲ್ಲಿ ಬೆರಳುಗಳು ತುಸು ಬಿಡಿಸಿಕೊಂಡಿದ್ದವು. ಆ ಸಂದಿಯಿಂದ ಒಂದು ಕಣ್ಣು ಇವರನ್ನೇ ನೋಡುತ್ತಿತ್ತು. ಅದರಲ್ಲಿ ನಗು ಇರಲಿಲ್ಲ.

ಮಾವನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ವಿಶ್ವಕೋಶಕ್ಕೆ ಕೊಟ್ಟ ಫೋಟೊ ಲೋಕಕ್ಕೆಲ್ಲ ಬಿಟ್ಟಿ. ಯಾರು ಬೇಕಾದರೂ ಕತ್ತರಿಸಬಹುದು, ಎಲ್ಲಿ ಬೇಕಾದರೂ ಅಂಟಿಸಬಹುದು. ಒಂದು ಮಾತೂ ಕೇಳದೆ ಆಕೆಯನ್ನು ಹೀಗೆ ಹಂಚಿಬಿಟ್ಟಿದ್ದರು.

ಕ್ಯಾಮೆರಾದಲ್ಲಿದ್ದ ಫೋಟೊಗಳನ್ನು ಆ ಕ್ಷಣವೇ ಅಳಿಸಿದರು. ವಿಶ್ವಕೋಶದಲ್ಲಿದ್ದದ್ದನ್ನು ತೆಗೆಸಲು ಕಾರಣ ಬರೆದು ಕೋರಬೇಕು, ಉಳಿದ ಸ್ವಯಂಸೇವಕರು ಒಪ್ಪಬೇಕು. ಅದೂ ಹೋದರೆ ಆಕೆಯದೆಂಬುದು ಇನ್ನೇನೂ ಉಳಿಯದು. ಇಡೀ ದಿನ ಕೈ ಬರಲಿಲ್ಲ. ಕೊನೆಗೆ ಬರೆದರು: "ಚಿತ್ರದಲ್ಲಿರುವವರ ಒಪ್ಪಿಗೆ ಇಲ್ಲ."

ವಾರದ ಮೇಲೆ ತೀರ್ಮಾನ ಬಂತು: "ಚಿತ್ರದಲ್ಲಿ ಯಾರೂ ಇಲ್ಲ. ಉಳಿಸಿಕೊಳ್ಳಲಾಗಿದೆ."

ಮಾವ ತೆರೆದು ನೋಡಿದರು. ಮೂರನೇ ಕಿಟಕಿಯಲ್ಲಿ ಬರೀ ಕತ್ತಲು. ಕತ್ತರಿ ಟೀಚರಿಗೆ ಫೋನ್ ಹಚ್ಚಿದರು.

"ನಾನು ಮುಟ್ಟಿಲ್ಲ ಮಾವ," ಎಂದರು ಟೀಚರ್. "ಯಾರಾದ್ರೂ ಅಳಿಸಿದ್ರೆ ಅಲ್ಲೇ ದಾಖಲಾಗಿರೋದು. ಯಾರೂ ಅಳಿಸಿಲ್ಲ."

"ಗೊತ್ತಮ್ಮ," ಎಂದರು ಮಾವ. "ಅವಳೇ ಹೊರಟುಹೋದ್ಲು. ಈ ಸಲ ನಾನೇ ಕಳಿಸಿಕೊಟ್ಟೆ."